ಹುಲಗೆಮ್ಮನ ತವರು

ಹುಲಗೆಮ್ಮನ ಹೆಣಕ್ಕೆ ಸೀರೆ ಉಡಿಸಲು ಬಾಗಿದ ಹೆಂಗಸರ ಕೈಯನ್ನು ಚನ್ನಮಲ್ಲಮ್ಮ ತಡೆದಳು. ಓಣಿಯಲ್ಲಿ ಹುಟ್ಟಿಗೂ ಸಾವಿಗೂ ಆಕೆಯದೇ ಕಾಯಿದೆ. ಹೆಣ್ಣಿನ ಮೈಮೇಲಿನ ಕಡೆಯ ಬಟ್ಟೆ ತವರಿನದೇ ಆಗಬೇಕು, ಅದು ಬರದೆ ಹೆಣ ಎತ್ತುವಂತಿಲ್ಲ ಎಂದಳು.

"ನಮ್ಮವ್ವಗ ತವರೆಲ್ಲದ ಯವ್ವಾ?" ಅಂದ ಮಗ ಅಂಜಿನೇಯ. "ಎಲ್ಲಾರೂ ಸತ್ತಾರಂತ ಆಕೀನೇ ಹೇಳ್ತಿದ್ದಳು."

ದೇವದುರ್ಗದ ಆ ಓಣಿಗೆ ಗೊತ್ತಿದ್ದುದೂ ಅಷ್ಟೇ. ಹುಲಗೆಮ್ಮ ಗಾರೆ ಕೆಲಸಕ್ಕೆ ಹೋದಳು, ಗಂಡನನ್ನು ಮಣ್ಣು ಮಾಡಿದಳು, ಯಾರ ಮನೆಯ ಮದುವೆಯಾದರೂ ಕರೆಯದೆಯೇ ಹೋಗಿ ಸೋಬಾನೆ ಹಾಡಿದಳು. ತವರಿನ ಹಾಡು ಬಂದಾಗ ಮಾತ್ರ ನೀರು ಕುಡಿಯುವ ನೆಪದಲ್ಲಿ ಎದ್ದುಹೋಗುತ್ತಿದ್ದಳು. ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ.

ಬಾಗಿಲ ಬಳಿ ಯಶೋಧಾ ನಿಂತಿದ್ದಳು. ಆಕೆ ರಾಯಚೂರಿನವಳು; ಹಿರಿಯರ ಮಾತು, ಹಾಡುಗಳನ್ನು ರೆಕಾರ್ಡ್ ಮಾಡಿ, ಯಾರು ಹುಡುಕಿದರೂ ಸಿಗುವಂತೆ ಅಂತರ್ಜಾಲಕ್ಕೆ ಹಾಕುವವಳು. ಹುಲಗೆಮ್ಮನ ಹಾಡುಗಳೆಲ್ಲ ಅಲ್ಲಿದ್ದವು. ಒಂದು ಮಾತಿಗೆ ಮಾತ್ರ ಬೀಗ ಹಾಕಿತ್ತು.

*

ಹೋದ ವರ್ಷ ಇದೇ ಪಡಸಾಲೆಯಲ್ಲಿ ಆ ಮಾತು ಹೇಳಿ ಮುಗಿಸಿದ ಹುಲಗೆಮ್ಮ ಮೈಕಿನ ಮೇಲೆ ಅಂಗೈ ಮುಚ್ಚಿದ್ದಳು.

"ಇದು ನಾ ಇರೋತನ ಯಾರಿಗೂ ಕೇಳಬಾರದು. ಸತ್ತಮ್ಯಾಲೆ ತೆಗಿ. ಆವಾಗ ನನಗ ಯಾರೇನಂತಾರ?"

ಹೇಳಿ ನಕ್ಕಿದ್ದಳು ಕೂಡ.

*

ಯಶೋಧಾ ಅಂಜಿನೇಯನನ್ನು ಪಕ್ಕಕ್ಕೆ ಕರೆದು, ತವರಿನ ಬಗ್ಗೆ ಅವ್ವ ಹೇಳಿದ ರೆಕಾರ್ಡೊಂದು ತನ್ನ ಬಳಿ ಇದೆಯೆಂದಳು. ಎಲ್ಲರ ಮುಂದೆಯೇ ಹಚ್ಚು ಎಂದ ಅವನು. ಹೆಣದ ಪಕ್ಕದಲ್ಲೇ ಸತ್ತವಳ ದನಿ ಎದ್ದಾಗ ಅಳುತ್ತಿದ್ದವರೆಲ್ಲ ಹತ್ತಿರ ಸರಿದರು.

"ಮಾನ್ವಿ ನನ್ನ ತವರು. ಬ್ಯಾರೆ ಜಾತಿಯವನ ಕೂಡ ಬಂದೆ ಅಂತ ನಮ್ಮಪ್ಪ ನಾ ಬದುಕಿದ್ದಾಗಲೇ ನನ್ನ ಸಾವಿನ ದಿವಸ ಮಾಡಿದ. ತಮ್ಮ ವೆಂಕೋಬ ಆವಾಗ ಸಣ್ಣಾವ. ಅಕ್ಕ ಸತ್ತಾಳಂತಾನೇ ಅವಗ ಹೇಳ್ಯಾರ."

ಆಕೆಯ ಕೈತುತ್ತು ತಿಂದು ಬೆಳೆದ ಅಂಜಿನೇಯನಿಗೆ ಆಕೆ ಯಾರೆಂಬುದೇ ಗೊತ್ತಿರಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

ಅವರಿವರನ್ನು ಹಿಡಿದು ಮಾನ್ವಿಯ ವೆಂಕೋಬನ ನಂಬರ್ ಪಡೆಯುವಷ್ಟರಲ್ಲಿ ಬಿಸಿಲೇರಿತ್ತು. "ನಮ್ಮಕ್ಕ ಸತ್ತು ಯಾವ ಕಾಲಾತು. ಯಾರ್ರೀ ನೀವು?" ಎಂದು ರೇಗಿ ಅವನು ಫೋನಿಟ್ಟ. ಯಶೋಧಾ ವಾದಕ್ಕಿಳಿಯದೆ ಆ ದನಿಯನ್ನೇ, ತವರಿನ ಸೀರೆ ಬೇಕೆಂಬ ಮಾತು ಮತ್ತು ಮನೆಯ ವಿಳಾಸದೊಂದಿಗೆ, ಅವನ ಫೋನಿಗೆ ಕಳಿಸಿದಳು.

ಇನ್ನು ಕಾಯುವುದು ಬೇಡವೆಂದು ಗಂಡಸರು ಏಳುವ ಹೊತ್ತಿಗೆ ಮುದುಕನೊಬ್ಬ ಏದುಸಿರು ಬಿಡುತ್ತ ಬಂದ. ಬರಿಗೈಯಲ್ಲಿ ಬಂದಿದ್ದ. ಸೀರೆಯ ನೆನಪೇ ಅವನಿಗೆ ಆಗಿರಲಿಲ್ಲ. ಹೆಣದ ಮುಖ ನೋಡಿ, "ನಮ್ಮವ್ವನ ಮಾರಿನೇ ಅದ" ಎಂದ.

ಆಮೇಲೆ ತಲೆಯ ರುಮಾಲು ಬಿಚ್ಚಿದ. ಸುತ್ತು ಸುತ್ತಾಗಿ ಬಿಚ್ಚಿ, ಅಕ್ಕನ ಪಾದದಿಂದ ಮೇಲಕ್ಕೆ ಹೊದಿಸುತ್ತ ಬಂದ. ಚನ್ನಮಲ್ಲಮ್ಮ ಬಾಗಿ, ಅದರ ತುದಿಯನ್ನು ಹುಲಗೆಮ್ಮನ ತಲೆಯ ಮೇಲೆ ಸೆರಗಿನಂತೆ ಎಳೆದಳು.