ಚಾಡಿ ಅಂದರೆ

ಮದುವೆಗೆ ಮುಂಚೆ ಮೂರು ಭಾನುವಾರ ಇಗರ್ಜಿಯಲ್ಲಿ ಓದುವ ಪ್ರಕಟಣೆಯನ್ನು ಪಾದ್ರಿಗಳು ಮೂರನೆಯ ಸಲ ಓದಿದರು. ಜುಲಿಯಾನಾಳ ಮಗಳು ಶಾರನ್‌ಗೂ ಉಪ್ಪಳದ ಆನ್ಸನ್‌ಗೂ ಮದುವೆ. ಏನಾದರೂ ಅಡ್ಡಿಯಿರುವುದು ಗೊತ್ತಿದ್ದವರು ತಿಳಿಸಬೇಕು. ಅಷ್ಟು ಹೇಳಿ ಅವರು ಕನ್ನಡಕ ತೆಗೆಯುವಷ್ಟರಲ್ಲಿ ಇಗರ್ಜಿಯ ಅರ್ಧ ತಲೆಗಳು ಜುಲಿಯಾನಾಳ ತಂಗಿ ಅಪೊಲೋನಿಯಾಳ ಕಡೆ ತಿರುಗಿದ್ದವು.

ತಿರುಗದೆ ಇನ್ನೇನು? ಕೆಲವು ವರ್ಷಗಳ ಹಿಂದೆ ನೆರೆಮನೆಯ ಝೇವಿಯರನ ಮಗಳು ವೆನಿಸ್ಸಾಳ ಪ್ರಕಟಣೆ ಓದಿದ್ದೇ ತಡ, ಪಾದ್ರಿಗಳ ಬಾಗಿಲು ತಟ್ಟಿದವಳು ಇದೇ ಅಪೊಲೋನಿಯಾ. ಹುಡುಗನಿಗೆ ದುಬೈಯಲ್ಲಿ ಆಗಲೇ ಒಂದು ಸಂಸಾರವಿದೆ ಎಂದು ಅವಳು ಹೇಳಿದ್ದು ನಿಜವೇ ಆಗಿತ್ತು. ಆದರೆ ಝೇವಿಯರನಿಗೂ ಅವಳಿಗೂ ಬೇಲಿಯ ಜಗಳವಿತ್ತಲ್ಲ! ಮದುವೆ ಮುರಿಯಿತು, ವೆನಿಸ್ಸಾಳಿಗೆ ಆಮೇಲೆ ಬೇರೆ ಸಂಬಂಧ ಕೂಡಿಬರಲಿಲ್ಲ, ಊರು ಅಪೊಲೋನಿಯಾಳನ್ನು ಚಾಡಿಕೋರಿ ಎಂದು ಕರೆಯಿತು.

"ನಿಜ ಹೇಳಿದ್ರೂ ಚಾಡಿಯಾ ಫಾದರ್?" ಎಂದು ಅವಳು ಅಳುತ್ತಾ ಕೇಳಿದ್ದಳು.

"ಹೇಳುವಾಗ ನಿಮಗೆ ಖುಷಿ ಆಗಿದ್ರೆ ಅದು ಚಾಡಿಯೇ, ಅಪೊಲೋನಿಯಾ ಬಾಯಿ."

ಖುಷಿ ಆಗಿತ್ತು. ಅದನ್ನು ಊರಿನ ಮುಂದೆ ಅಲ್ಲಗಳೆದರೂ ತನ್ನೊಳಗೆ ಅಲ್ಲಗಳೆಯಲು ಅವಳಿಂದ ಆಗಲೇ ಇಲ್ಲ.

ಈಗ ಅವಳ ಹೊಟ್ಟೆಯೊಳಗೆ ಇನ್ನೊಂದು ನಿಜ ಕುಳಿತಿತ್ತು. ಹೋದ ವಾರ ಉಪ್ಪಳ ಪೇಟೆಯಿಂದ ಮೀನು ಕೊಂಡು ಬರುವಾಗ, ನಿಲ್ಲಿಸಿದ್ದ ಕಾರಿನೊಳಗೆ ಆನ್ಸನ್ ತನ್ನ ತಾಯಿಯ ಕೆನ್ನೆಗೆ ಹೊಡೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತಾಯಿ ಅಳಲೂ ಇಲ್ಲ, ಅಭ್ಯಾಸವಾದವರ ಹಾಗೆ ಕೂದಲು ಸರಿಮಾಡಿಕೊಂಡರು. ಇದನ್ನು ಹೇಳುವುದರಲ್ಲಿ ಖುಷಿ ಎಲ್ಲಿಂದ ಬರಬೇಕು? ಶಾರನ್ ಅವಳು ಎತ್ತಿ ಆಡಿಸಿದ ಮಗು.

ಪೂಜೆ ಮುಗಿದು ಜನ ಚದುರಿದ ಮೇಲೆ ಅವಳು ಜುಲಿಯಾನಾಳನ್ನು ಗೇಟಿನ ಬಳಿ ತಡೆದಳು.

"ಅಕ್ಕಾ, ಆ ಹುಡುಗನ ಬಗ್ಗೆ ಒಂದು ಮಾತು..."

"ಶುರುವಾಯ್ತಾ ನಿನ್ನ ಚಾಡಿ?" ಜುಲಿಯಾನಾ ಹಲ್ಲು ಕಚ್ಚಿದಳು. "ಝೇವಿಯರನ ಮನೆ ಹಾಳು ಮಾಡಿದ್ದು ಸಾಕಾಗ್ಲಿಲ್ವಾ? ನನ್ನ ಮಗಳ ಮದುವೆಗೆ ಬರುದಾದ್ರೆ ಬಾಯಿ ಮುಚ್ಚಿಕೊಂಡು ಬಾ."

ಮುಚ್ಚಿಕೊಂಡೇ ಹೋದಳು. ಮದುವೆಯ ಹಿಂದಿನ ಸಂಜೆ ರೋಸ್. ಮದುಮಗಳಿಗೆ ಎಣ್ಣೆ, ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಚಪ್ಪರ ತುಂಬ ನೆಂಟರು, ಹೆಂಗಸರ ಹಾಡು, ನಗೆ. ಅಪೊಲೋನಿಯಾಳ ಸರದಿ ಬಂತು. ಬಟ್ಟಲು ಹಿಡಿದು ಅವಳು ಬಾಗಿದಾಗ ಶಾರನ್ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಮಾವ್ಶಿ, ಆನ್ಸನ್‌ದು ಎಂತಾದ್ರೂ ಗೊತ್ತುಂಟಾ ನಿಮಗೆ? ಮೊನ್ನೆ ಫೋನಲ್ಲಿ ಅವನು ಬೈದದ್ದು ಕೇಳಿ ನನಗೆ ಹೆದರಿಕೆ ಆಯ್ತು."

ಹಾಡಿನ ಗದ್ದಲದಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಆದರೆ ಎದುರಿಗೆ ನಿಂತಿದ್ದ ಜುಲಿಯಾನಾ ತಂಗಿಯ ತುಟಿಗಳನ್ನೇ ನೋಡುತ್ತಿದ್ದಳು. ಇಡೀ ಚಪ್ಪರ ಒಂದೇ ದನಿಯಲ್ಲಿ ತನ್ನನ್ನು ಚಾಡಿಕೋರಿ ಎಂದಂತೆ ಅಪೊಲೋನಿಯಾಳಿಗೆ ಕೇಳಿಸಿತು.

"ನನಗೆಂತ ಗೊತ್ತು ಮಗಾ? ಎಂತ ಇಲ್ಲ."

ಶಾರನ್ ಉಸಿರು ಬಿಟ್ಟು ನಕ್ಕಳು. ಹಿಡಿತ ಸಡಿಲವಾಯಿತು.

"ಹಾಗಾದ್ರೆ ಇಲ್ಲ. ಬೇರೆಯವರೆಲ್ಲ ಮುಚ್ಚಿಡ್ತಾರೆ ಮಾವ್ಶಿ. ಎಂತಾದ್ರೂ ಇದ್ದಿದ್ರೆ ನೀವು ಹೇಳದೆ ಬಿಡ್ತಿರ್ಲಿಲ್ಲ."

ಹಾಗೆಂದು ಅವಳು ಕಣ್ಣು ಮುಚ್ಚಿ ತಲೆ ಬಾಗಿಸಿದಳು. ಅಪೊಲೋನಿಯಾ ಬಟ್ಟಲು ವಾಲಿಸಿದಳು. ತೆಂಗಿನ ಹಾಲು ಹುಡುಗಿಯ ಬೈತಲೆಯಿಂದ ಇಳಿದು, ಮುಚ್ಚಿದ ರೆಪ್ಪೆಗಳ ಮೇಲೆ ಹರಿದು, ಗಲ್ಲದಿಂದ ತೊಟ್ಟಿಕ್ಕತೊಡಗಿತು.