ಕುದುರೆಗೆ ಕಟ್ಟಿದ ಹೂವು

ಕೊಟ್ಟಿಗೆಯ ಗೂಟದಿಂದ ಕುದುರೆಯ ಜರಿ ಹೊದಿಕೆಯನ್ನು ಇಳಿಸಿ ಆದಿಲಕ್ಷ್ಮಿ ಮಡಿಸುತ್ತಿದ್ದಾಗ, ಗಂಡ ವೆಂಕಟ್ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ ಬಂದ.

“ನಂಗಲಿ ಮದುವೆಯವ್ರು ನಮ್ಮ ಕುದುರೆ ಬೇಡ ಅಂದ್ರು. ಸಾವಿನ ಮನೆ ಕುದುರೆ ಮೇಲೆ ಮದುಮಗನ್ನ ಹೆಂಗೆ ಕೂರಿಸೋದು ಅಂತಾರೆ. ಮಾಲೂರಿಂದ ಬೇರೆ ತರಿಸ್ತಾರಂತೆ.”

“ತರಿಸ್ಲಿ ಬಿಡಿ.”

ಬೆಳಗಿನ ಜಾವ ತೀರಿಕೊಂಡ ಅತ್ತೆ ಮುನಿಶಾಮಮ್ಮನನ್ನು ಅಂಗಳದ ಗೋಡೆಗೆ ಒರಗಿಸಿ ಕೂರಿಸಿದ್ದರು. ಸುತ್ತ ಕೂತ ಹೆಂಗಸರ ಮಾತು ಕೊಟ್ಟಿಗೆಯವರೆಗೂ ಕೇಳುತ್ತಿತ್ತು.

“ಯಾವಾಗ ಬಂದ್ರೂ ಇವ್ಳು ಮೊದ್ಲು ಕುದುರೆಗೆ ಹುರುಳಿ ಹಾಕೋಳು, ಆಮೇಲೆ ನಮಗೆ ಟೀ. ಬಂದವರು ಕಾಯ್ಬೇಕಿತ್ತು,” ಎಂದಳು ಪಕ್ಕದ ಮನೆಯ ಭಾರತಮ್ಮ. ಯಾರೋ ನಕ್ಕು ಮೂಗು ಒರೆಸಿಕೊಂಡರು.

ಕೊಟ್ಟಿಗೆಯ ಮೂಲೆಯಲ್ಲಿ ಒದ್ದೆ ಬಟ್ಟೆಯ ಗಂಟಿತ್ತು. ಒಳಗೆ ಮಲ್ಲಿಗೆ, ನಡುನಡುವೆ ಕನಕಾಂಬರ. ಇವತ್ತಿನ ಮದುವೆಗೆಂದು, ಬೆಳ್ಳಿ ಎಂಬ ಬಿಳಿ ಹೆಣ್ಣುಕುದುರೆಯ ಹಣೆಗೆ, ನಿನ್ನೆ ಸಂಜೆ ಅತ್ತೆಯೇ ಕೂತು ಕಟ್ಟಿದ್ದ ಹೂವು.

“ಅದನ್ನ ತಿಪ್ಪೆಗೆ ಹಾಕಮ್ಮ, ಇನ್ಯಾರಿಗೆ?” ಎಂದಳು ಬಾಗಿಲಿಗೆ ಬಂದ ಮುನಿಯಲ್ಲಮ್ಮ, ಸತ್ತವಳ ಅಕ್ಕ.

ಆದಿಲಕ್ಷ್ಮಿ ಗಂಟನ್ನು ಕೈಗೆತ್ತಿಕೊಂಡಳು. ತಿಪ್ಪೆಯ ಕಡೆ ಹೋಗಲಿಲ್ಲ.

*

ಮಾವ ಗಂಗುಲಪ್ಪ ತೀರಿಹೋದಮೇಲೆ ಅತ್ತೆ ಯಾವ ಮದುವೆಮನೆಗೂ ಕಾಲಿಟ್ಟಿರಲಿಲ್ಲ. ಬೆಳ್ಳಿಯ ಮೈ ತಿಕ್ಕುವುದು, ಜರಿ ಹೊದಿಸುವುದು, ಕಾಲಿಗೆ ಗೆಜ್ಜೆ ಕಟ್ಟುವುದು ಎಲ್ಲ ಅವಳೇ. ಬೀದಿಯ ತಿರುವಿನವರೆಗೆ ನಡೆಸಿಕೊಂಡು ಹೋಗಿ, ಹಗ್ಗ ಮಗನ ಕೈಗೆ ಕೊಟ್ಟು, ಅಲ್ಲೇ ನಿಂತು ನೋಡಿ ವಾಪಸು ಬರುತ್ತಿದ್ದಳು.

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ, ಬಿಂದಿಗೆ ಹಿಡಿದು ಕೊಟ್ಟಿಗೆಗೆ ಬಂದ ಆದಿಲಕ್ಷ್ಮಿ ಬಾಗಿಲಲ್ಲೇ ನಿಂತಳು. ಅತ್ತೆ ಹೂವನ್ನು ಕುದುರೆಯ ಹಣೆಗೆ ಹಿಡಿದಿರಲಿಲ್ಲ. ತನ್ನ ತುರುಬಿನ ಸುತ್ತ ತಂದು, ತುದಿಗೆ ತುದಿ ಕೂಡಿಸಿ, ಅಲ್ಲಿಗೆ ದಾರ ಕತ್ತರಿಸಿದಳು. ಸೊಸೆಯನ್ನು ಕಂಡು ಕೈ ಇಳಿಸಿದಳು.

“ಅಳತೆ ನೋಡ್ತಿದ್ದೆ ಕಣೇ.”

“ಸರಿಯಾಗಿದೆ ಅತ್ತೆ,” ಎಂದಿದ್ದಳು ಆದಿಲಕ್ಷ್ಮಿ.

ಆಮೇಲಿಂದ ಅತ್ತೆ ಅವಳೆದುರು ಅಳತೆಯನ್ನು ಮರೆಮಾಡಲಿಲ್ಲ. ಇಬ್ಬರೂ ಆ ಮಾತು ಎತ್ತಲೂ ಇಲ್ಲ.

*

ಸ್ನಾನ ಮಾಡಿಸಿ ಹೊಸ ಸೀರೆ ಉಡಿಸಿ ಮತ್ತೆ ಕೂರಿಸಿದರು. ಆದಿಲಕ್ಷ್ಮಿ ಅತ್ತೆಯ ಕೂದಲು ಬಾಚಿ ತುರುಬು ಕಟ್ಟಿದಳು. ಆಮೇಲೆ ಒದ್ದೆ ಬಟ್ಟೆ ಬಿಚ್ಚಿದಳು.

ಹೆಂಗಸರು ಕತ್ತು ಚಾಚಿ ನೋಡಿದರು.

“ಏನಮ್ಮಿ ಇದು?” ಎಂದಳು ಮುನಿಯಲ್ಲಮ್ಮ. “ಮುಡಿಗೆ ಹೂವು ಮುತ್ತೈದೇರಿಗೆ. ಕೊರಳಿಗೆ ಹಾರ ಹಾಕ್ತೀವಲ್ಲ, ಸಾಲ್ದಾ?”

“ಇದು ಅವ್ರೇ ಕಟ್ಟಿದ್ದು ದೊಡ್ಡತ್ತೆ.”

“ಕಟ್ಟಿದ್ದು ಕುದುರೆಗೆ. ಲೇ ವೆಂಕಟ, ಬಾರೋ ಇಲ್ಲಿ, ನಿನ್ನ ಹೆಂಡ್ತಿ ನೋಡು.”

ವೆಂಕಟ್ ಬಂದ. ಹೂವನ್ನು ನೋಡಿದ, ತಾಯಿಯ ತಲೆಯನ್ನು ನೋಡಿದ.

“ಕುದುರೇದು. ಉದ್ದ ಆಗ್ತದೇನೋ,” ಎಂದ.

“ಆಗಲ್ಲ. ನೋಡಿ.”

ಆದಿಲಕ್ಷ್ಮಿ ಹೂವನ್ನು ತುರುಬಿಗೆ ಸುತ್ತಿದಳು. ತುದಿಗೆ ತುದಿ ಸೇರಿತು. ಒಂದು ಮೊಗ್ಗೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ.

ಮುನಿಯಲ್ಲಮ್ಮ ಆ ತುರುಬನ್ನೇ ನೋಡಿದಳು. ಹತ್ತಿರ ಸರಿದು, ಹೂ ಮುಡಿಯುವುದು ಬಿಟ್ಟು ವರ್ಷಗಳಾಗಿದ್ದ ತನ್ನ ಬರಿ ತುರುಬಿನಿಂದ ಒಂದು ಪಿನ್ನು ಕಿತ್ತಳು.

“ಗಟ್ಟಿಯಾಗಿ ಚುಚ್ಚು,” ಎಂದಳು. “ದಾರೀಲಿ ಬಿದ್ದೋಗ್ತದೆ.”

ತಮಟೆ ಶುರುವಾಯಿತು. ಪಲ್ಲಕ್ಕಿಯಲ್ಲಿ ಕೂರಿಸಿ ಕಟ್ಟಿ ಹೊರಟರು. ಹೆಂಗಸರು ಬೀದಿಯ ತಿರುವಿನವರೆಗೆ ಮಾತ್ರ ಹೋಗುವುದು. ಆದಿಲಕ್ಷ್ಮಿ ಬೆಳ್ಳಿಯ ಹಗ್ಗ ಹಿಡಿದು, ಅತ್ತೆ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು.

ತಮಟೆಯ ಸದ್ದಿಗೆ ಬೆಳ್ಳಿ, ಕಲಿತಿದ್ದಂತೆ, ಇದ್ದಲ್ಲೇ ಮುಂಗಾಲು ಎತ್ತಿ ಎತ್ತಿ ಇಟ್ಟಿತು. ಅದರ ಹಣೆ ಬರಿದಾಗಿತ್ತು. ಮುಂದೆ, ಗಂಡಸರ ಹೆಗಲ ಮೇಲೆ, ಬೆನ್ನು ತೋರಿಸಿ ಕೂತ ಮುನಿಶಾಮಮ್ಮನ ಮುಡಿಯ ಹೂವು ಪ್ರತಿ ಹೆಜ್ಜೆಗೂ ಒಮ್ಮೆ ಕುಲುಕುತ್ತ ತಿರುವು ದಾಟಿತು.