ಮೈನಸ್ ನೂರಿಪ್ಪತ್ತು

ಉಗ್ಗಪ್ಪನ ಹೆಣದ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ನೂಲು ಕಟ್ಟುತ್ತಿದ್ದರು. ವಿಜ್ಞಾನಿ ಶಿವಪ್ರಸಾದನ ಕಣ್ಣು ಮಾತ್ರ ಅದರ ಕೈಗಳ ಮೇಲೆಯೇ ಇತ್ತು. ತನ್ನ ಪ್ರಯೋಗಾಲಯದಲ್ಲಿದ್ದ, ಏಳನೇ ಕ್ಲಾಸು ಕಲಿತ ಅಟೆಂಡರನ ಕೈಗಳು. ಸತ್ತ ಮೇಲೂ ಅವನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು!

"ಎಂತ ಕೈ ಮಾರಾಯ್ರೆ ಅದು!" ಎಂದ ನೆರೆಮನೆಯ ಪೂವಪ್ಪ. "ಬೆಳ್ಳೂರಿನ ಮಕ್ಕಳ ಕಾಲಿಗೆ ಮುಳ್ಳು ಹೊಕ್ಕರೆ ತೆಗೀಲಿಕ್ಕೆ ಇವನೇ ಬೇಕಿತ್ತು."

ಶಿವಪ್ರಸಾದ ಹೂಂಗುಟ್ಟಿದ. ಆ ಕೈಗೆ ತಾನು ಮಾಡಿದ್ದು ಈ ಮನೆಯವರಿಗೆ ಗೊತ್ತುಂಟೋ ಎಂಬ ಅಳುಕು ಬೆಳಗಿನಿಂದ ಕೊರೆಯುತ್ತಿತ್ತು.

*

ಬೇರಿನ ಜೀವಕೋಶ ತನ್ನ ಪೊರೆಯಾಚೆಗೆ ಧನ ವಿದ್ಯುತ್ತಿನ ಕಣಗಳಾದ ಅಯಾನುಗಳನ್ನು ದೂಡಿ ಒಳಗೆ ಋಣ ವಿದ್ಯುತ್ತನ್ನು ಕಾಯ್ದುಕೊಳ್ಳುತ್ತದೆ. ಮಣ್ಣಿನ ಪೊಟ್ಯಾಸಿಯಂ ಒಳಗೆ ಬರುವುದು ಅದರ ಬಲದಿಂದ. ಆ ವಿದ್ಯುತ್ತನ್ನು ಅಳೆಯಲು ಕೂದಲಿಗಿಂತ ಸಪೂರದ ಗಾಜಿನ ಸೂಜಿಯನ್ನು ಕೋಶದೊಳಗೆ ಇಳಿಸಬೇಕು. ಶಿವಪ್ರಸಾದ ಇಳಿಸಿದರೆ ಪೊರೆ ಹರಿದು ಮೀಟರು ಸೊನ್ನೆಗೆ ಬರುತ್ತಿತ್ತು. ಉಗ್ಗಪ್ಪ ಇಳಿಸಿದರೆ ಮೈನಸ್ ನೂರಿಪ್ಪತ್ತು ಮಿಲಿವೋಲ್ಟ್, ಗಂಟೆಗಟ್ಟಲೆ ಅಲುಗುತ್ತಿರಲಿಲ್ಲ.

ಪ್ರಯೋಗಾಲಯಕ್ಕೆ ಹೊರಗಿನಿಂದ ಬಂದ ವಿಜ್ಞಾನಿಗಳೆಲ್ಲ "ಉಗ್ಗಪ್ಪ ಎಲ್ಲಿ?" ಎಂದೇ ಕೇಳುವರು. ಡಾಕ್ಟರೇಟು ಮಾಡಿದ ಶಿವಪ್ರಸಾದ ಪಕ್ಕದಲ್ಲಿ ನಿಂತು ಹಲ್ಲುಕಿರಿಯಬೇಕು. ಒಂದು ದಿನ ತಡೆಯಲಾಗದೆ, ಉಗ್ಗಪ್ಪನಿಗೆ ಕಣ್ಣು ಮಂಜಾಗಿದೆ ಎಂದು ಸುಳ್ಳು ಬರೆದು ಅವನನ್ನು ಗೊಬ್ಬರದ ಸ್ಟೋರಿಗೆ ಹಾಕಿಸಿದ. ನಿವೃತ್ತಿಯವರೆಗೂ ಉಗ್ಗಪ್ಪ ಅಲ್ಲಿ ಚೀಲ ಎಣಿಸಿದ.

*

ಬಾಯಿಗೆ ನೀರು ಬಿಡುವ ಹೊತ್ತಾಯಿತು. ಮಗ ಪ್ರವೀತ್ ತುಳಸಿ ಎಲೆಯಿಂದ ನೀರು ಬಿಟ್ಟ. ಒಂದು ಹನಿಯೂ ಆಚೀಚೆ ಆಗಲಿಲ್ಲ. ಅಪ್ಪನದೇ ಕೈ! ಶಿವಪ್ರಸಾದನ ಎದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು.

"ಬನ್ನಿ ಸಾರ್," ಎಂದಳು ತಲೆಯ ಬಳಿ ಕೂತಿದ್ದ ಉಗ್ಗಪ್ಪನ ಹೆಂಡತಿ ತುಂಗಾ. ತುಳಸಿಯನ್ನು ಅವನ ಕೈಗಿಡುತ್ತ ದನಿ ತಗ್ಗಿಸಿದಳು. "ಸ್ಟೋರಿಗೆ ಯಾಕೆ ಹಾಕಿದ್ದು ಅಂತ ಇವರಿಗೆ ಗೊತ್ತಿತ್ತು."

ಅವನು ಎಲೆಯನ್ನು ನೀರಿಗದ್ದಿದ.

"ಆದರೂ ಹೇಳ್ತಿದ್ರು, ಸಾರಿನ ಕೈಯಲ್ಲಿ ದೋಷ ಇಲ್ಲ, ಚುಚ್ಚುವಾಗ ಮೀಟರು ನೋಡ್ತಾರೆ, ಬೇರನ್ನು ನೋಡುದಿಲ್ಲ ಅಂತ. ನೀವು ಒಮ್ಮೆಯೂ ಕೇಳ್ಲಿಲ್ಲವಂತೆ. ಕೇಳದೆ ಹೇಗೆ ಹೇಳುದು ಅಂತ ಸುಮ್ಮನಿದ್ರು."

ಯಾರಾದರೂ ಕೇಳಿಸಿಕೊಂಡರೇ? ಶಿವಪ್ರಸಾದ ಪೂವಪ್ಪನತ್ತ, ಪ್ರವೀತ್‌ನತ್ತ ಕಣ್ಣು ಹಾಯಿಸುತ್ತಲೇ ಎಲೆಯನ್ನು ಬಾಗಿಸಿದ. ನೀರು ಗಲ್ಲದ ಮೇಲೆ ಹರಿದು ಕಿವಿಗಿಳಿಯಿತು.

ತುಂಗಾ ಸೆರಗಿನಿಂದ ಅದನ್ನು ಒರೆಸಿ, ಎಲೆಯನ್ನು ಮತ್ತೆ ನೀರಿಗದ್ದಿ ಕೊಟ್ಟು, ಅವನ ಮಣಿಕಟ್ಟು ಹಿಡಿದಳು.

"ಜನರನ್ನು ನೋಡ್ಬೇಡಿ ಸಾರ್. ಇವರ ಬಾಯಿ ನೋಡಿ."

ಅವನು ನೋಡಿದ. ಎಲೆಯ ತುದಿಯಿಂದ ಒಂದು ಹನಿ ಮೆಲ್ಲನೆ ಉಗ್ಗಪ್ಪನ ತುಟಿಗಳ ನಡುವೆ ಇಳಿಯಿತು.